‘ಮಾಡಬಹುದು’ ಎಂಬ ಕಾನೂನು, ಮಲಗಿದಲ್ಲೇ ನವೆಯುವ ಮುದುಕರು

ವರ್ಷಕ್ಕೊಮ್ಮೆ, ಅಕ್ಟೋಬರ್ 1ರಂದು, ನಮ್ಮ ಅಧಿಕಾರಿಗಳಿಗೂ ಗಣ್ಯರಿಗೂ ಮುದುಕರ ನೆನಪಾಗುತ್ತದೆ. ಅಂದು ವಿಶ್ವ ಹಿರಿಯ ನಾಗರಿಕರ ದಿನ. ನಾಲ್ಕಾರು ಮಂದಿ ವೃದ್ಧರನ್ನು ಕರೆತಂದು ಶಾಲು ಹೊದಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು, ತಾಯಿತಂದೆಯೇ ದೇವರೆಂದು ಗಂಟೆಗಟ್ಟಲೆ ಉಪದೇಶ ಮಾಡಿ ಮನೆಗೆ ಹೋಗುತ್ತಾರೆ. ಅದೇ ಹೊತ್ತಿನಲ್ಲಿ ಅದೇ ಊರಿನ ಯಾವುದೋ ಕಾಂಪೌಂಡಿನೊಳಗೆ, ತಿಂಗಳಿಗೆ ಇಷ್ಟೆಂದು ಹಣ ಎಣಿಸಿಕೊಂಡ ವೃದ್ಧಾಶ್ರಮದ ಕೋಣೆಯಲ್ಲಿ, ಮಗ್ಗುಲು ತಿರುಗಿಸುವವರಿಲ್ಲದೆ ಬೆನ್ನು ಹುಣ್ಣಾಗಿ ಒದ್ದೆ ಹಾಸಿಗೆಯ ಮೇಲೆ ನರಳುವ ಜೀವಕ್ಕೆ ಈ ಉಪದೇಶದಿಂದ ಬಂದುದೇನು? ಇದು ನಮ್ಮ ಪ್ರಶ್ನೆ.

ಈ ಭಾಷಣಗಳಲ್ಲಿ ಬೈಗುಳ ಬೀಳುವುದೆಲ್ಲ ಮಕ್ಕಳ ಮೇಲೆ, ಅದರಲ್ಲಿಯೂ ಸೊಸೆಯರ ಮೇಲೆ. ಹೆತ್ತವರನ್ನು ಬೀದಿಗೆ ತಳ್ಳುವ ಮಕ್ಕಳನ್ನು ಸಮರ್ಥಿಸುವವರು ನಾವಲ್ಲ. ಆದರೆ ಬೆಂಗಳೂರಿನ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಗಂಡ ಡ್ರೈವರು, ಹೆಂಡತಿ ಗಾರ್ಮೆಂಟ್ಸ್ ಕಾರ್ಖಾನೆಯ ಕೆಲಸದವಳು. ಇಬ್ಬರೂ ಬೆಳಗಾಗುತ್ತಲೇ ಹೊರಟು ಕತ್ತಲಾದ ಮೇಲೆ ಬರುವವರು. ಪಾರ್ಶ್ವವಾಯು ಬಡಿದ ತಾಯಿಯನ್ನು ಹಗಲೆಲ್ಲ ನೋಡಿಕೊಳ್ಳುವವರಾರು? ಅವರು ಹೊಟ್ಟೆಬಟ್ಟೆ ಕಟ್ಟಿ ಹಣ ತೆತ್ತು ಆಕೆಯನ್ನು ಆಶ್ರಮಕ್ಕೆ ಸೇರಿಸಿದರೆ ಅದು ಪಾಪವೆ? ಪಾಪ, ಹಣ ಪಡೆದೂ ನೋಡಿಕೊಳ್ಳದವನದು. ಅವನ ಹೆಸರನ್ನು ವೇದಿಕೆಯ ಮೇಲೆ ಯಾರೂ ಎತ್ತುವುದಿಲ್ಲ. ಎತ್ತುವುದಾದರೂ ಹೇಗೆ? ಎಷ್ಟೋ ಸಲ ಅವನೇ ಸಮಾಜಸೇವಕನೆಂಬ ಬಿರುದು ಹೊತ್ತು, ಕೊರಳಿಗೆ ಹಾರ ಹಾಕಿಸಿಕೊಂಡು, ಅದೇ ವೇದಿಕೆಯ ಮೇಲೆ ಕುಳಿತಿರುತ್ತಾನೆ!

2011ರ ಜನಗಣತಿಯ ಪ್ರಕಾರವೇ ಈ ದೇಶದಲ್ಲಿ ಅರವತ್ತು ದಾಟಿದವರು 10 ಕೋಟಿ 38 ಲಕ್ಷ ಮಂದಿ. ಅಲ್ಲಿಂದೀಚೆಗೆ ಆ ಸಂಖ್ಯೆ ಬೆಳೆದಿದೆಯೇ ಹೊರತು ಇಳಿದಿಲ್ಲ. ಜನ ಹೆಚ್ಚಿದಂತೆ ವ್ಯಾಪಾರವೂ ಹೆಚ್ಚಿತು. ಇರುವ ಮನೆಗೆ ಒಂದು ಬೋರ್ಡು ತಗುಲಿಸಿ, ಆರು ಮಂಚ ಹಾಕಿ, ಇಬ್ಬರು ಆಯಾಗಳನ್ನಿಟ್ಟರೆ ವೃದ್ಧಾಶ್ರಮವಾಯಿತು. ಕೇಳುವವರಿಲ್ಲ, ಬಂದು ನೋಡುವವರಿಲ್ಲ. ಊರಿನಲ್ಲಿ ಹೋಟೆಲು ತೆರೆಯಬೇಕಾದರೆ ಲೈಸೆನ್ಸು ಬೇಕು, ಕ್ಷೌರದ ಅಂಗಡಿಗೂ ಪುರಸಭೆಯ ಪರವಾನಗಿ ಬೇಕು. ತಮ್ಮ ಕೈಯಿಂದ ತುತ್ತೆತ್ತಿ ಬಾಯಿಗಿಡಲಾರದ ಹತ್ತು ಮಂದಿ ಮುದುಕರ ಪ್ರಾಣವನ್ನು ವಶಕ್ಕೆ ತೆಗೆದುಕೊಳ್ಳುವವನನ್ನು ಮಾತ್ರ ‘ನೀನಾರು, ನಿನ್ನ ಯೋಗ್ಯತೆಯೇನು’ ಎಂದು ಕೇಳುವ ಪದ್ಧತಿ ಇಲ್ಲ.

ಕಾನೂನಿನ ಕಥೆ

2007ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕ್ಷೇಮಾಭಿವೃದ್ಧಿ ಕಾಯ್ದೆ ಬಂದಿತು. ಮಕ್ಕಳಿಂದ ಜೀವನಾಂಶ ಕೊಡಿಸಲು ಉಪವಿಭಾಗಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಮುಂದಾಳುತನದಲ್ಲಿ ನ್ಯಾಯಮಂಡಳಿ ಏರ್ಪಟ್ಟಿತು. ಒಳ್ಳೆಯದೇ ಆಯಿತು. ಆದರೆ ಅದರ 19ನೆಯ ಕಲಮನ್ನು ಓದಿರಿ. ಜಿಲ್ಲೆಗೆ ಕಡಮೆಯೆಂದರೆ ಒಂದರಂತೆ, ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಸ್ಥಳವಿರುವ ವೃದ್ಧಾಶ್ರಮಗಳನ್ನು ರಾಜ್ಯ ಸರ್ಕಾರವು ಸ್ಥಾಪಿಸ‘ಬಹುದು’ ಎಂದಿದೆ. ಸ್ಥಾಪಿಸ‘ತಕ್ಕದ್ದು’ ಎಂದಿಲ್ಲ. ಈ ಒಂದು ಪದದ ಸಂದಿಯಲ್ಲಿ ಎಷ್ಟು ಸರ್ಕಾರಗಳು ನುಸುಳಿ ಪಾರಾದವು! ತೆರಿಗೆ ಕಟ್ಟ‘ಬಹುದು’ ಎಂದು ರೈತನಿಗೆ ಯಾವ ಕಾನೂನಾದರೂ ಹೇಳಿದೆಯೆ?

2018ರ ಡಿಸೆಂಬರ್ 13ರಂದು ಅಶ್ವನಿಕುಮಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತು, ಘನತೆಯಿಂದ ಬಾಳುವ, ಆಸರೆ ಮತ್ತು ಆರೋಗ್ಯ ಪಡೆಯುವ ಹಕ್ಕು ಮುದುಕರಿಗೂ ಸಂವಿಧಾನದತ್ತವಾದುದೆಂದು ಹೇಳಿತು. ಜಿಲ್ಲೆಜಿಲ್ಲೆಯಲ್ಲಿ ಎಷ್ಟು ವೃದ್ಧಾಶ್ರಮಗಳಿವೆಯೆಂಬ ಲೆಕ್ಕ ತರಿಸೆಂದು ಕೇಂದ್ರಕ್ಕೆ ಆಜ್ಞೆ ಮಾಡಿತು. ಮರುವರ್ಷ, 2019ರ ಡಿಸೆಂಬರಿನಲ್ಲಿ, ಲೋಕಸಭೆಯಲ್ಲಿ ತಿದ್ದುಪಡಿ ಮಸೂದೆಯೊಂದು ಮಂಡನೆಯಾಯಿತು. ಹಿರಿಯರ ಪಾಲನಾಗೃಹಗಳೆಲ್ಲ ನೋಂದಣಿಯಾಗಬೇಕು, ಅವಕ್ಕೆ ಕನಿಷ್ಠ ಮಟ್ಟ ಗೊತ್ತುಪಡಿಸಬೇಕು ಎಂಬುದು ಅದರಲ್ಲಿತ್ತು. ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು, ಸಮಿತಿಯಿಂದ ಬಂತು, ಕಪಾಟಿನಲ್ಲಿ ಕುಳಿತಿತು. 2024ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಅದೂ ಸತ್ತಿತು. ಅದು ಕಪಾಟಿನಲ್ಲಿದ್ದ ಆ ವರ್ಷಗಳಲ್ಲಿ ತಮಗೆ ಬೇಕಾದ ಕಾನೂನುಗಳನ್ನು ಒಂದೇ ದಿನದಲ್ಲಿ ಪಾಸು ಮಾಡಿಕೊಂಡ ಸಭೆಗೆ, ಮುದುಕರ ಮಸೂದೆಗೆ ಮಾತ್ರ ಬಿಡುವಾಗಲಿಲ್ಲ.

ಇನ್ನು ದಂಡ ಸಂಹಿತೆಗೆ ಬರೋಣ. ನೋಡಿಕೊಳ್ಳುತ್ತೇನೆಂದು ಕರಾರು ಮಾಡಿಕೊಂಡವನು, ರೋಗದಿಂದಲೋ ದೇಹದೌರ್ಬಲ್ಯದಿಂದಲೋ ನಿಸ್ಸಹಾಯಕನಾದವನ ಆರೈಕೆಯನ್ನು ಬೇಕೆಂದೇ ಕೈಬಿಟ್ಟರೆ ಅದು ಅಪರಾಧ. 1860ರಲ್ಲಿ ಬ್ರಿಟಿಷರು ಮಾಡಿದ ದಂಡ ಸಂಹಿತೆಯ 491ನೆಯ ಕಲಮಿನಲ್ಲಿ ಇದಕ್ಕೆ ಮೂರು ತಿಂಗಳವರೆಗೆ ಸಜೆ ಅಥವಾ 200 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಇದ್ದವು. ಗುಲಾಮಗಿರಿಯ ಕಾನೂನನ್ನು ಕಿತ್ತೆಸೆದೆವೆಂದು ಡಂಗುರ ಹೊಡೆದು 2023ರಲ್ಲಿ ಭಾರತೀಯ ನ್ಯಾಯ ಸಂಹಿತೆ ತಂದರು. 2024ರ ಜುಲೈ 1ರಿಂದ ಅದು ಜಾರಿಗೆ ಬಂತು. ಅದರ 357ನೆಯ ಕಲಮು ಹೇಳುವುದೇನು? ಅದೇ ಮೂರು ತಿಂಗಳು. ದಂಡ ಮಾತ್ರ 5,000 ರೂಪಾಯಿವರೆಗೆ. 163 ವರ್ಷ ಕಳೆದರೂ ನಿಸ್ಸಹಾಯಕನ ಬದುಕಿನ ಬೆಲೆ ಸೆರೆಮನೆಯ ಲೆಕ್ಕದಲ್ಲಿ ಒಂದು ದಿನವೂ ಏರಲಿಲ್ಲ. ಅದೂ ಅಲ್ಲದೆ, ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆಯನ್ನೇ ಮಾಡಲಾಗದ ಅಪರಾಧಗಳ ಸಾಲಿನಲ್ಲಿ ಇದನ್ನು ಕೂರಿಸಿದ್ದಾರೆ.

‘ದಾವೆ ಏಕೆ, ರಾಜಿಯಾಗಿರಿ’

ನಮ್ಮ ಬಳಿಗೆ ಬಂದ ಒಂದು ಪ್ರಕರಣವನ್ನು ಹೇಳುತ್ತೇವೆ. ನಿವೃತ್ತ ಪ್ರಾಥಮಿಕ ಶಾಲೆಯ ಮೇಷ್ಟ್ರೊಬ್ಬರ ವಿಧವೆ. ಗಂಡನ ಕುಟುಂಬ ಪಿಂಚಣಿಯೆಲ್ಲ ಆಶ್ರಮದ ತಿಂಗಳ ಶುಲ್ಕಕ್ಕೆ ಹೋಗುತ್ತಿತ್ತು. ಮಗಳು ನೋಡಲು ಬಂದಾಗಲೆಲ್ಲ ‘ಅಮ್ಮ ಮಲಗಿದ್ದಾರೆ, ಎಬ್ಬಿಸಬೇಡಿ’ ಎಂಬ ಉತ್ತರ. ಒಂದು ದಿನ ಹಟ ಹಿಡಿದು ಹೊದಿಕೆ ತೆಗೆದರೆ ಸೊಂಟದ ಮೇಲೆ ಮೂಳೆ ಕಾಣುವ ಹುಣ್ಣು, ಮಣಿಕಟ್ಟಿನಲ್ಲಿ ಸೀರೆಯಂಚಿನಿಂದ ಕಟ್ಟಿದ ಗುರುತು. ‘ಎದ್ದು ಬೀಳುತ್ತಾರೆಂದು ಕಟ್ಟಿದೆವು’ ಎಂದರು. ಆಕೆ ಮೊದಲು ಕೇಳಿದ ಊರಿನ ಹಿರಿಯರೆಲ್ಲರೂ ಕೊಟ್ಟ ಸಲಹೆ ಒಂದೇ: ‘ಕೋರ್ಟು ಕಚೇರಿ ಹೆಂಗಸರಿಗೆ ಹೇಳಿದ್ದಲ್ಲ. ಕಟ್ಟಿದ ಹಣ ವಾಪಸು ಕೊಡಿಸುತ್ತೇವೆ, ರಾಜಿಯಾಗಿ.’ ಹಣ ವಾಪಸು ಬಂದರೆ ಆ ಮಂಚಕ್ಕೆ ಮರುದಿನವೇ ಇನ್ನೊಬ್ಬ ತಾಯಿ ಬರುತ್ತಾಳೆ, ಅಷ್ಟೆ. ಆ ಹೆಣ್ಣುಮಗಳು ಒಪ್ಪಲಿಲ್ಲ. ಮೊಕದ್ದಮೆ ಇನ್ನೂ ನಡೆಯುತ್ತಿದೆ. ಆಕೆಯ ಈ ಹಟವನ್ನು ನಾವು ಮನಸಾರೆ ಗೌರವಿಸುತ್ತೇವೆ.

ರಾಜಿ ಎಂಬುದು ಬಲವಿದ್ದವನ ಆಯುಧ. ಬಡವನ ಕೈಗೆ ಇರುವುದು ಕಾನೂನೊಂದೇ, ಅದು ಮೊಂಡಾದರೂ ಸರಿ, ಹಿಡಿಯಬೇಕು. ಹಿಡಿಯುವ ಬಗೆಯನ್ನು ಓದುಗರು ತಿಳಿದಿರಲಿ.

ಮೊದಲನೆಯದಾಗಿ, ಜಗಳಕ್ಕೆ ನಿಲ್ಲುವ ಮುಂಚೆ ಜೀವವನ್ನು ಉಳಿಸಿರಿ. ಸರ್ಕಾರಿ ಆಸ್ಪತ್ರೆಗೆ ಸೇರಿಸಿ, ಹುಣ್ಣು, ಗಾಯ, ಕಟ್ಟಿದ ಗುರುತು, ದೇಹದ ತೂಕ ಎಲ್ಲವನ್ನೂ ವೈದ್ಯರಿಂದ ದಾಖಲೆಯಲ್ಲಿ ಬರೆಯಿಸಿರಿ. ತಾರೀಖು ಸಹಿತ ಫೋಟೋ ತೆಗೆಯಿರಿ. ಶುಲ್ಕದ ರಸೀದಿ, ಕರಾರು ಪತ್ರ, ಔಷಧಿ ಚೀಟಿ ಒಂದನ್ನೂ ಬಿಡಬೇಡಿರಿ. ‘ಅನಾಹುತಕ್ಕೆ ಆಡಳಿತ ಹೊಣೆಯಲ್ಲ’ ಎಂದು ಅಚ್ಚುಮಾಡಿದ ಕಾಗದಕ್ಕೆ ರುಜು ಹಾಕಿದ್ದೇವಲ್ಲಾ ಎಂದು ಹೆದರಬೇಡಿರಿ. ಯಾವ ಕರಾರೂ ಅಪರಾಧವನ್ನು ತೊಳೆಯಲಾರದು.

ಎರಡನೆಯದಾಗಿ, ಕಟ್ಟಿಹಾಕುವುದು, ಕೂಡಿಹಾಕುವುದು ನ್ಯಾಯ ಸಂಹಿತೆಯ 127ನೆಯ ಕಲಮಿನ ಅಕ್ರಮ ಬಂಧನ. ಇದನ್ನು ಪೊಲೀಸರು ದಾಖಲಿಸಲೇಬೇಕು. ನಿರ್ಲಕ್ಷ್ಯದಿಂದ ಸಾವೇ ಸಂಭವಿಸಿದರೆ 106ನೆಯ ಕಲಮಿನಲ್ಲಿ ಐದು ವರ್ಷದವರೆಗೆ ಸಜೆಯುಂಟು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅಂಚೆಯಲ್ಲಿ ಜಿಲ್ಲಾ ಪೊಲೀಸ್ ಸೂಪರಿಂಟೆಂಡೆಂಟರಿಗೆ ಕಳಿಸಿರಿ; ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಿರಿ. ಮನೋರೋಗಿಯೆಂಬ ನೆಪವೂ ನಡೆಯದು. ಮನೋರೋಗವುಳ್ಳವರನ್ನು ಯಾವ ರೀತಿಯಲ್ಲಿಯೂ ಸರಪಳಿಯಲ್ಲಿ ಬಿಗಿಯಕೂಡದೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ನಿಷೇಧಿಸಿದೆ.

ಮೂರನೆಯದಾಗಿ, ಹಣ ಕೊಟ್ಟು ಪಡೆದ ಸೇವೆಯಲ್ಲಿ ಲೋಪವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಜಿಲ್ಲಾ ಆಯೋಗದಲ್ಲಿ ಪರಿಹಾರ ಕೇಳಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆದರೆ ಎರಡು ವರ್ಷದೊಳಗೆ ಕೊಡಬೇಕು. ಪುಕ್ಕಟೆಯಾಗಿ ನಡೆಸುವ ಧರ್ಮಾರ್ಥ ಆಶ್ರಮಗಳಿಗೆ ಈ ಕಾಯ್ದೆ ತಟ್ಟದು. ಅಲ್ಲಿ ಪೊಲೀಸ್ ದೂರೇ ದಾರಿ. ಬೋರ್ಡಿನ ಮೇಲೆ ನರ್ಸಿಂಗ್ ಹೋಂ ಎಂದಿದ್ದರೆ ಅದು ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ನೋಂದಣಿಯಾಗಿದೆಯೇ ಎಂದು ಜಿಲ್ಲಾಧಿಕಾರಿಗಳಿಗೆ ಬರೆದು ಕೇಳಿರಿ.

ನಾಲ್ಕನೆಯದಾಗಿ, ವಕೀಲರ ಫೀಜಿಗೆ ಹೆದರಿ ಹಿಂದೆಗೆಯಬೇಡಿರಿ. ಪುಕ್ಕಟೆ ಕಾನೂನು ನೆರವು ಯಾರ ಭಿಕ್ಷೆಯೂ ಅಲ್ಲ. 1976ರಲ್ಲಿ ಸಂವಿಧಾನಕ್ಕೆ ಸೇರಿದ 39ಎ ವಿಧಿಯ ಮಾತು ಅದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಲೆಕ್ಕವನ್ನೇ ಕೇಳದೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕು. ಮಿಕ್ಕವರಿಗೆ ಆದಾಯದ ಮಿತಿಯುಂಟು. ಜಿಲ್ಲಾ ಕೋರ್ಟಿನಲ್ಲಿಯೇ ಪ್ರಾಧಿಕಾರದ ಕಚೇರಿ ಇದೆ, ತಾಲ್ಲೂಕಿಗೂ ಸಮಿತಿ ಇದೆ. 15100 ಎಂಬ ದೂರವಾಣಿಗೆ ಕಾನೂನು ನೆರವಿಗಾಗಿಯೂ, 14567ಕ್ಕೆ ಹಿರಿಯರ ಸಹಾಯಕ್ಕಾಗಿಯೂ ಕರೆ ಮಾಡಬಹುದು.

ಆಯಾಳನ್ನು ಬಲಿಕೊಟ್ಟರೆ ಸಾಲದು

ಗುಲ್ಲಾದಾಗಲೆಲ್ಲ ಮಾಲೀಕರು ಮಾಡುವ ಉಪಾಯವೊಂದುಂಟು. ರಾತ್ರಿ ಪಾಳಿಯ ಆಯಾಳನ್ನು ಕೆಲಸದಿಂದ ತೆಗೆದು ಕೈತೊಳೆದುಕೊಳ್ಳುತ್ತಾರೆ. ಇದನ್ನು ಒಪ್ಪಲಾಗದು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕೆಂಬುದು ಶುಶ್ರೂಷೆಯ ಮೊದಲ ಪಾಠ. ಒಬ್ಬ ಹೆಂಗಸು ಹದಿನೈದು ಮಂದಿಯನ್ನು ಇಡೀ ರಾತ್ರಿ ಹಾಗೆ ತಿರುಗಿಸಬಲ್ಲಳೆ? ಪುಡಿಗಾಸಿನ ಸಂಬಳಕ್ಕೆ, ತರಬೇತಿಯಿಲ್ಲದೆ, ರಜೆಯಿಲ್ಲದೆ ದುಡಿಯುವ ಅವಳನ್ನು ಒಬ್ಬಳೇ ಬಿಟ್ಟು, ಉಳಿದ ಸಂಬಳಗಳನ್ನು ಲಾಭವೆಂದು ಜೇಬಿಗಿಳಿಸಿದವನು ತಪ್ಪಿತಸ್ಥ. ಮುದುಕಿಯ ಬೆನ್ನಿನ ಹುಣ್ಣೂ ಆಯಾಳ ಕೈಯ ಬೊಬ್ಬೆಯೂ ಒಂದೇ ಲೆಕ್ಕದ ಪುಸ್ತಕದಲ್ಲಿ ಹುಟ್ಟಿದವು.

ಕಾನೂನು ಬಿಗಿಯಾದರೆ ಆಶ್ರಮಗಳೆಲ್ಲ ಮುಚ್ಚಿ ಮುದುಕರು ಬೀದಿಗೆ ಬೀಳುತ್ತಾರೆಂದು ಕೆಲವರು ಹೆದರಿಸುತ್ತಾರೆ. ಬಾಲಕಾರ್ಮಿಕ ಕಾನೂನು ಬಂದಾಗಲೂ ಇದೇ ಮಾತು ಕೇಳಿದ್ದೆವು. ಒಳ್ಳೆಯ ಆಶ್ರಮಗಳಿವೆ, ಅವು ತಪಾಸಣೆಗೆ ಅಂಜುವುದಿಲ್ಲ. ಅಂಜುವವು ಮುಚ್ಚಲಿ. ಅಲ್ಲಿದ್ದವರಿಗೆ ಸ್ಥಳ ಕೊಡುವುದಕ್ಕೆಂದೇ 19ನೆಯ ಕಲಮು ಇರುವುದು. ಹಣದ ಪೂಜೆಯೇ ನಡೆಯುವ ಅಮೆರಿಕದಲ್ಲಿ ಸಹ, ಸರ್ಕಾರದ ವಿಮೆಯ ಹಣ ಪಡೆಯುವ ನರ್ಸಿಂಗ್ ಹೋಂಗಳು ಶಿಸ್ತಿಗಾಗಿ ಅಥವಾ ತಮ್ಮ ಅನುಕೂಲಕ್ಕಾಗಿ ಯಾರನ್ನೂ ಕಟ್ಟಿಹಾಕಕೂಡದೆಂದು 1987ರಲ್ಲಿಯೇ ಕಾನೂನು ಮಾಡಿದರು. ಸಮಾಜವಾದವೆಂಬ ಪದವನ್ನು ಸಂವಿಧಾನದ ಪೀಠಿಕೆಯಲ್ಲಿಯೇ ಬರೆದುಕೊಂಡ ನಮಗೆ ಇದು ಆಗದೆ?

ಆದ್ದರಿಂದ ನಾವು ಒತ್ತಾಯಿಸುತ್ತೇವೆ: ‘ಬಹುದು’ ಎಂಬುದನ್ನು ‘ತಕ್ಕದ್ದು’ ಎಂದು ತಿದ್ದಬೇಕು. ಪ್ರತಿಯೊಂದು ವೃದ್ಧಾಶ್ರಮವೂ ನೋಂದಣಿಯಾಗಬೇಕು. ಇಷ್ಟು ಮಂದಿಗೆ ಇಷ್ಟು ಶುಶ್ರೂಷಕರೆಂದು ಗೊತ್ತುಪಡಿಸಿ, ಅವರಿಗೆ ಕನಿಷ್ಠ ವೇತನವನ್ನೂ ತರಬೇತಿಯನ್ನೂ ಕೊಡಿಸಬೇಕು. ಮುನ್ಸೂಚನೆಯಿಲ್ಲದ ತಪಾಸಣೆ ನಡೆದು, ಅದರ ವರದಿಯನ್ನು ಆಶ್ರಮದ ಬಾಗಿಲಿಗೆ ಅಂಟಿಸಬೇಕು. 357ನೆಯ ಕಲಮಿನ ಅಪರಾಧವನ್ನು ಪೊಲೀಸರು ನೇರವಾಗಿ ತನಿಖೆ ಮಾಡುವಂತಾಗಬೇಕು.

ಅದುವರೆಗೆ ಓದುಗರೂ ಸುಮ್ಮನೆ ಕೂರಬೇಕಿಲ್ಲ. ನಿಮ್ಮ ಊರಿನ ವೃದ್ಧಾಶ್ರಮಕ್ಕೆ ನಾಲ್ಕು ಮಂದಿ ಸೇರಿ ಹೋಗಿರಿ. ಹಬ್ಬದ ದಿನ ಸಿಹಿ ಹಂಚಲು ಹೋಗುವುದು ಬೇಡ, ಯಾವುದಾದರೊಂದು ಮಂಗಳವಾರ ಸಂಜೆ ಹೇಳದೆ ಕೇಳದೆ ಹೋಗಿ, ಮಲಗಿದವರ ಹತ್ತಿರ ಕುಳಿತು ಹೆಸರು ಕೇಳಿರಿ. ಬಾಗಿಲಲ್ಲೇ ತಡೆದರೆ, ತಡೆದ ದಿನವನ್ನೂ ವೇಳೆಯನ್ನೂ ಬರೆದು ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.