ಅಗ್ಗದ ಜಾಗಕ್ಕೆ ‘ನಿಲಂ’ ತೊಡಕು
ತುಂಬ: ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರ, ಟೆಕ್ನೋಪಾರ್ಕ್‌ಗಳಲ್ಲಿ ನೌಕರಿಗೆಂದು ಬಂದ ಕನ್ನಡಿಗರು ಮೊದಲ ಮನೆಗೆ ಅಗ್ಗದ ಜಾಗ ಸಿಕ್ಕರೆ ಹಿಗ್ಗುವುದು ಸಹಜ. ಆದರೆ ಮಲಯಾಳಂ ದಾಖಲೆಯ ‘ನಿಲಂ’ ನಮ್ಮ ‘ನೆಲ’ವಲ್ಲ, ಗದ್ದೆ. ಮನೆ ಕಟ್ಟುವವರಿಗೆ ಬೇಕಾದುದು ‘ಪುರಯಿಡಂ’. ಮಣ್ಣು ಹಾಕಿಸಿ ತೆಂಗು ನೆಟ್ಟಿದ್ದರೂ ದಾಖಲೆಯಲ್ಲಿ ಗದ್ದೆ ಗದ್ದೆಯೇ. ಗದ್ದೆ ಸಂರಕ್ಷಣೆಗಾಗಿ 2008ರಲ್ಲಿ ಬಂದ ಕಾಯಿದೆಯ ಡೇಟಾ ಬ್ಯಾಂಕಿನಲ್ಲಿ ಸರ್ವೆ ನಂಬರ್ ಇದ್ದರೆ ಕಟ್ಟಡ ಪರವಾನಗಿ ಸುಲಭಕ್ಕೆ ಸಿಗದು. ಬೆಲೆ ಇಳಿದಿರುವ ಗುಟ್ಟೂ ಎಷ್ಟೋ ಸಲ ಇದೇ. ದಲ್ಲಾಳಿ ಅದನ್ನು ಹೇಳಬೇಕೆಂದೇನಿಲ್ಲ.

ನೋಂದಣಿ ಆಯಿತೆಂದು ನಿಶ್ಚಿಂತರಾಗುವಂತಿಲ್ಲ. ಕರಾವಳಿ ನಿಯಮ ಮೀರಿದ್ದಕ್ಕೆ ಕೊಚ್ಚಿಯ ಮರಡಿನ ನಾಲ್ಕು ವಸತಿ ಸಮುಚ್ಚಯಗಳನ್ನು ಸುಪ್ರೀಂ ಕೋರ್ಟ್ ಆದೇಶದಂತೆ 2020ರ ಜನವರಿಯಲ್ಲಿ ಉರುಳಿಸಿದಾಗ, ಫ್ಲ್ಯಾಟ್ ಕೊಂಡವರ ಕೈಯಲ್ಲೂ ಪತ್ರಗಳಿದ್ದವು. ಮುಂಗಡ ಕೊಡುವ ಮುನ್ನ ಮಲಯಾಳಂ ಬಲ್ಲವರೊಬ್ಬರನ್ನು ಕರೆದೊಯ್ದರೆ ವಿಲೇಜ್ ಆಫೀಸಿನಲ್ಲಿ ಜಾಗದ ವರ್ಗವನ್ನೂ ಕೃಷಿ ಭವನದಲ್ಲಿ ಡೇಟಾ ಬ್ಯಾಂಕನ್ನೂ ನೋಡಿ ಬರಬಹುದು.