ಉಬ್ಬಸವಿಲ್ಲದ ದಿನದ ಔಷಧ

ಮಾಘ ಬಹುಳ ದಶಮಿಯಂದು ಮೂಲಾ ನಕ್ಷತ್ರದ ಸಮಯದಲ್ಲಿ ಕೊಟ್ಟೂರಿನ ಶ್ರೀ ಗುರು ಬಸವೇಶ್ವರ ಸ್ವಾಮಿಯ ತೇರು ಸಾಗುವುದನ್ನು ನಮ್ಮ ವಾಚಕರಲ್ಲಿ ಅನೇಕರು ಕಣ್ಣಾರೆ ಕಂಡವರೇ. ದಾವಣಗೆರೆ, ಹರಪನಹಳ್ಳಿ ಮೊದಲಾದ ಕಡೆಗಳಿಂದ ಸದ್ಭಕ್ತರು ಹಗಲಿರುಳು ನಡೆದು ಬರುತ್ತಾರೆ. ಸಹಸ್ರಾರು ಪಾದಗಳು ಎಬ್ಬಿಸಿದ ಧೂಳು, ಹಿಂಗಾರಿನ ಒಕ್ಕಣೆಯ ಹೊಟ್ಟು, ದಾಸೋಹದ ಒಲೆಗಳ ಹೊಗೆ, ಬೆಳಗಿನ ಜಾವದ ತಂಪು ಇವೆಲ್ಲ ಕೂಡಿದ ಆ ಗಾಳಿಯು ಆರೋಗ್ಯವಂತರ ಗಮನಕ್ಕೂ ಬಾರದು. ಉಬ್ಬಸದವರಿಗಾದರೋ ಅದು ದೊಡ್ಡ ಪರೀಕ್ಷೆಯೇ ಸರಿ.

ಕೆಲವು ವರ್ಷಗಳ ಹಿಂದೆ ತೇರಿನ ಮುನ್ನಾದಿನ ಹೀಗೆ ನಡೆದು ಬಂದ ತಾಯಿಯೊಬ್ಬರು ನಮ್ಮ ಮನೆಯ ಕಟ್ಟೆಯ ಮೇಲೆ ಕುಸಿದು ಕುಳಿತರು. ಎರಡು ಮಾತು ಕೂಡಿಸಿ ಆಡಲು ಅವರಿಗೆ ಉಸಿರು ಸಾಲದು. ಕೈಯಲ್ಲಿ ನೀಲಿ ಬಣ್ಣದ ಪಂಪು. ದಾರಿಯುದ್ದಕ್ಕೂ ಅದನ್ನು ಎಷ್ಟು ಬಾರಿ ಒತ್ತಿಕೊಂಡರೋ ಅವರಿಗೇ ಲೆಕ್ಕವಿರಲಿಲ್ಲ. ಒಡನೆಯೇ ಆಸ್ಪತ್ರೆಗೆ ಕರೆದೊಯ್ಯಲಾಯಿತು. ಆಮ್ಲಜನಕ ಕೊಟ್ಟು, ಯಂತ್ರದ ಮೂಲಕ ಔಷಧದ ಮಂಜನ್ನು ಉಸಿರಾಡಿಸಿದ ಮೇಲೆ ಜೀವ ನಿಂತಿತು. ಅವರು ತೇರನ್ನು ಕಾಣಲಿಲ್ಲ. ಆಸ್ಪತ್ರೆಯ ಮಂಚದಿಂದಲೇ ಸಮ್ಮಾಳ, ನಂದಿಕೋಲುಗಳ ಸದ್ದನ್ನು ಕೇಳಿದರು.

ಚೇತರಿಸಿಕೊಂಡು ನಮ್ಮಲ್ಲಿಗೆ ಬಂದಾಗ, ವೈದ್ಯರು ನಿತ್ಯ ತೆಗೆದುಕೊಳ್ಳಲು ಬೇರೊಂದು ಪಂಪನ್ನು ಕೊಟ್ಟಿರಲಿಲ್ಲವೇ ಎಂದು ವಿಚಾರಿಸಿದೆವು. “ಮನ್ಯಾಗ ಐತ್ರಿ ಶಾಸ್ತ್ರಿಗಳೇ. ಐದು ತಿಂಗಳು ಉಬ್ಬಸಾನೇ ಬಂದಿಲ್ಲ. ಆರಾಮಿದ್ದಾಕಿಗೆ ಔಷಧ ಯಾಕಂತ ಬಿಟ್ಟೆ” ಎಂದರು. ಮಾತು ಮುಂದುವರಿದಂತೆ ಇನ್ನೂ ಕೆಲವು ಕಾರಣಗಳು ಹೊರಬಂದವು. ಅದು ಸ್ಟೀರಾಯ್ಡು, ಎಲುಬು ಸವೆಯುತ್ತದೆ ಎಂದು ನೆರೆಯವರು ಹೆದರಿಸಿದ್ದರು. ಲಿಂಗಪೂಜೆಗೆ ಮೊದಲು ಏನನ್ನೂ ಬಾಯಿಗೆ ಹಾಕದ ನೇಮ ಅವರದು. ಮೇಲಾಗಿ ಮಗಳಿಗೆ ಸಂಬಂಧ ನೋಡುತ್ತಿದ್ದರು. ವಂಶದಲ್ಲಿ ಉಬ್ಬಸವಿದೆಯೆಂಬ ಮಾತು ಹೊರಬೀಳಬಾರದೆಂದು ಪಂಪನ್ನು ಸೀರೆಗಳ ಅಡಿಯಲ್ಲಿ ಮುಚ್ಚಿಟ್ಟಿದ್ದರು. ಈ ಕಾರಣಗಳು ಆ ಒಬ್ಬ ತಾಯಿಯವು ಮಾತ್ರವಲ್ಲ, ನಮ್ಮ ಎಷ್ಟೋ ಮನೆಗಳವು. ಆದಕಾರಣ ಈ ತಿಂಗಳ ಪುಟವನ್ನು ಇದಕ್ಕೇ ಮೀಸಲಿಡುತ್ತಿದ್ದೇವೆ.

ಮೊದಲು ರೋಗದ ಸ್ವರೂಪವನ್ನು ತಿಳಿಯೋಣ. ಆಸ್ತಮಾದಲ್ಲಿ ಶ್ವಾಸನಾಳಗಳ ಒಳಪೊರೆಯು ಸದಾ ಸ್ವಲ್ಪ ಊದಿಕೊಂಡಿರುತ್ತದೆ. ಧೂಳು, ಹೊಗೆ, ನೆಗಡಿ ಸೋಂಕಿದೊಡನೆ ಆ ಊತ ಹೆಚ್ಚುತ್ತದೆ, ಕಫ ಕಟ್ಟುತ್ತದೆ, ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ. ಸಾಮಾನ್ಯವಾಗಿ ನೀಲಿ ಬಣ್ಣದಲ್ಲಿ ಬರುವ ಸಾಲ್ಬುಟಮಾಲ್ ಪಂಪು ಆ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ. ಕೆಲವು ನಿಮಿಷಗಳಲ್ಲಿ ಉಸಿರು ಹಗುರಾಗುತ್ತದೆ. ನಾಲ್ಕಾರು ತಾಸುಗಳಲ್ಲಿ ಅದರ ಗುಣ ಇಳಿಯುತ್ತದೆ. ಒಳಗಿನ ಊತವನ್ನು ಅದು ಮುಟ್ಟುವುದಿಲ್ಲ. ಊತವನ್ನು ಇಳಿಸುವುದು ಬುಡೆಸೊನೈಡ್, ಬೆಕ್ಲೊಮೆಥಾಸೋನ್, ಫ್ಲುಟಿಕಾಸೋನ್ ಮೊದಲಾದ ಸ್ಟೀರಾಯ್ಡುಗಳು. ಇವುಗಳ ಗುಣ ಒಂದೇ ದಿನದಲ್ಲಿ ಕಾಣದು; ದಿನಗಳು, ವಾರಗಳು ಬೇಕು. ಬಿಟ್ಟಾಗಲೂ ಒಡನೆಯೇ ಕೇಡು ಕಾಣದು. ಊತವು ಸದ್ದಿಲ್ಲದೆ ಮರಳುತ್ತದೆ. ಆ ತಾಯಿ ಐದು ತಿಂಗಳು ಆರಾಮವಾಗಿದ್ದುದು ರೋಗ ಹೋದುದರಿಂದಲ್ಲ, ಔಷಧ ನಡೆಯುತ್ತಿದ್ದುದರಿಂದ.

ಇದು ಬರಿಯ ಊಹೆಯಲ್ಲ. ಕೆನಡಾ ದೇಶದ ಸಸ್ಕ್ಯಾಚೆವಾನ್ ಪ್ರಾಂತದಲ್ಲಿ 1975ರಿಂದ 1991ರವರೆಗಿನ ಮೂವತ್ತು ಸಾವಿರಕ್ಕೂ ಹೆಚ್ಚು ಆಸ್ತಮಾ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2000ರಲ್ಲಿ ವರದಿಯೊಂದು ಪ್ರಕಟವಾಯಿತು. ಹಿಂದಿನ ಒಂದು ವರ್ಷದಲ್ಲಿ ಬಳಸಿದ ಸ್ಟೀರಾಯ್ಡ್ ಪಂಪುಗಳ ಸಂಖ್ಯೆ ಒಂದೊಂದು ಹೆಚ್ಚಿದಂತೆ ಆಸ್ತಮಾದಿಂದ ಸಾಯುವ ಸಂಭವವು ನೂರಕ್ಕೆ 21ರಷ್ಟು ಇಳಿದಿತ್ತು. ಪಂಪನ್ನು ಬಿಟ್ಟವರಲ್ಲಿ ಮೊದಲ ಮೂರು ತಿಂಗಳಲ್ಲಿ ಸಾವು, ಬಿಡದವರಿಗಿಂತ ಹೆಚ್ಚಾಗಿತ್ತು. 2019ರಿಂದೀಚೆಗೆ ಆಸ್ತಮಾ ಕುರಿತ ಜಾಗತಿಕ ಮಾರ್ಗದರ್ಶಿಯು ದೊಡ್ಡವರಿಗೂ ಹದಿಹರೆಯದವರಿಗೂ ಸಾಲ್ಬುಟಮಾಲ್ ಒಂದರಿಂದಲೇ ಚಿಕಿತ್ಸೆ ಸಲ್ಲದು, ಉಸಿರಿನ ಸ್ಟೀರಾಯ್ಡು ಜೊತೆಗಿರಲೇಬೇಕು ಎಂದು ಹೇಳುತ್ತಿದೆ.

ಇನ್ನು ಸ್ಟೀರಾಯ್ಡ್ ಎಂಬ ಹೆಸರಿನ ಭಯ. ನಮ್ಮ ದೇಹವೇ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳಲ್ಲಿ ಇಂಥದೊಂದು ವಸ್ತುವನ್ನು ನಿತ್ಯವೂ ತಯಾರಿಸುತ್ತದೆ. ತೀವ್ರ ಉಬ್ಬಸದಲ್ಲಿ ಆಸ್ಪತ್ರೆಯವರು ವಯಸ್ಕರಿಗೆ ದಿನಕ್ಕೆ 40 ಮಿಲಿಗ್ರಾಂನಷ್ಟು ಪ್ರೆಡ್ನಿಸೊಲೋನ್ ಮಾತ್ರೆ ಕೊಡುವುದುಂಟು. ಅದು ರಕ್ತದಲ್ಲಿ ಬೆರೆತು ಇಡೀ ಶರೀರವನ್ನು ಸುತ್ತುತ್ತದೆ. ಬುಡೆಸೊನೈಡ್ ಪಂಪನ್ನು ಬೆಳಿಗ್ಗೆ 200, ರಾತ್ರಿ 200 ಮೈಕ್ರೋಗ್ರಾಂ ತೆಗೆದುಕೊಂಡರೆ ದಿನಕ್ಕೆ ಆಗುವುದು 0.4 ಮಿಲಿಗ್ರಾಂ ಮಾತ್ರ. ಎರಡರ ಬಲವೂ ಒಂದೇ ಅಲ್ಲವೆಂಬುದು ನಿಜ. ಆದರೆ ಪಂಪಿನ ಔಷಧವು ನೇರವಾಗಿ ಶ್ವಾಸನಾಳಕ್ಕೆ ಸೇರುವುದರಿಂದ ಇಷ್ಟು ಅಲ್ಪ ಪ್ರಮಾಣವೇ ಸಾಕಾಗುತ್ತದೆ. ನಿತ್ಯದ ಪಂಪನ್ನು ಬಿಟ್ಟು ಪದೇ ಪದೇ ಆಸ್ಪತ್ರೆ ಸೇರುವವರ ದೇಹಕ್ಕೇ ಹೆಚ್ಚು ಸ್ಟೀರಾಯ್ಡು ಸೇರುತ್ತದೆ. ಜಾತ್ರೆ, ಸಂತೆಗಳಲ್ಲಿ ದಮ್ಮಿಗೆಂದು ಮಾರುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಮಾತ್ರೆಯನ್ನೇ ಅರೆದು ಬೆರೆಸಿರುವುದೂ ಉಂಟು. ಪಂಪಿಗೆ ಹೆದರಿದವರು ಅದನ್ನು ಚಮಚದಲ್ಲಿ ತಿನ್ನುತ್ತಾರೆ.

ಹಾಗೆಂದು ದೋಷವೇ ಇಲ್ಲವೆಂದು ನಾವು ಹೇಳುವುದಿಲ್ಲ. ಬಾಯಿಯಲ್ಲಿ ಉಳಿದ ಔಷಧದಿಂದ ನಾಲಗೆಯ ಮೇಲೆ ಬಿಳಿಯ ಅಗ್ರ ಕಟ್ಟಬಹುದು, ಧ್ವನಿ ಒಡೆಯಬಹುದು. ಹೆಚ್ಚಿನ ಪ್ರಮಾಣವನ್ನು ಬಹುಕಾಲ ತೆಗೆದುಕೊಂಡರೆ ಎಲುಬು, ಕಣ್ಣುಗಳ ಪರೀಕ್ಷೆ ಅಗತ್ಯ. ವರ್ಷಗಟ್ಟಲೆ ತೆಗೆದುಕೊಂಡ ಮಕ್ಕಳ ಎತ್ತರದಲ್ಲಿ ಸುಮಾರು ಒಂದು ಸೆಂಟಿಮೀಟರಿನಷ್ಟು ಕೊರತೆ ಕಂಡಿದೆ. ಉಸಿರಾಡಲಾಗದೆ ಆಟ ಪಾಠ ಬಿಟ್ಟು ಕೂರುವ ಮಗುವಿನ ಕೊರತೆಯೊಡನೆ ಇದನ್ನು ತೂಗಿ ನೋಡಬೇಕು. ಮೂರು ತಿಂಗಳು ರೋಗ ಹತೋಟಿಯಲ್ಲಿದ್ದರೆ ವೈದ್ಯರೇ ಪ್ರಮಾಣವನ್ನು ಇಳಿಸುತ್ತಾರೆ. ಇಳಿಸುವುದು ಅವರ ಕೆಲಸ, ನೆರೆಮನೆಯವರದಲ್ಲ.

ತೆಗೆದುಕೊಳ್ಳುವ ಕ್ರಮ ತಪ್ಪಿದರೆ ಔಷಧವೆಲ್ಲ ಗಂಟಲಿಗೇ ಅಂಟುತ್ತದೆ. ಒತ್ತುವ ಪಂಪಾದರೆ ಚೆನ್ನಾಗಿ ಅಲುಗಾಡಿಸಿ, ಉಸಿರನ್ನು ಹೊರಹಾಕಿ, ತುಟಿಗಳಿಂದ ಬಿಗಿಯಾಗಿ ಹಿಡಿದು, ನಿಧಾನವಾಗಿ ಆಳವಾಗಿ ಉಸಿರೆಳೆಯಲಾರಂಭಿಸಿದೊಡನೆ ಒಂದು ಬಾರಿ ಒತ್ತಬೇಕು. ಅನಂತರ ಹತ್ತು ಎಣಿಸುವವರೆಗೆ ಉಸಿರನ್ನು ತಡೆಯಬೇಕು. ಷಡಕ್ಷರಿಯನ್ನು ಮನದಲ್ಲೇ ನಿಧಾನವಾಗಿ ಐದು ಬಾರಿ ನೆನೆದರೆ ಅಷ್ಟು ಹೊತ್ತಾಗುತ್ತದೆ. ಎರಡನೆಯ ಸಲಕ್ಕೆ ಅರ್ಧದಿಂದ ಒಂದು ನಿಮಿಷ ಬಿಡಬೇಕು. ವಯಸ್ಸಾದವರಿಗೂ ಮಕ್ಕಳಿಗೂ ಪಂಪಿನ ತುದಿಗೆ ಜೋಡಿಸುವ ಸ್ಪೇಸರ್ ಎಂಬ ಕೊಳವೆ ಬಹಳ ಅನುಕೂಲ. ಅದರಿಂದ ಔಷಧ ಗಂಟಲಲ್ಲಿ ಕಡಿಮೆ ನಿಂತು ಪುಪ್ಪುಸಕ್ಕೆ ಹೆಚ್ಚು ಸೇರುತ್ತದೆ. ಪುಡಿಯ ಕ್ಯಾಪ್ಸೂಲ್ ಹಾಕಿ ಎಳೆಯುವ ಸಾಧನವಾದರೆ ಕ್ರಮವೇ ಬೇರೆ: ಜೋರಾಗಿ, ವೇಗವಾಗಿ ಎಳೆಯಬೇಕು. ಆ ಕ್ಯಾಪ್ಸೂಲನ್ನು ನೀರಿನೊಡನೆ ನುಂಗಿದವರನ್ನೂ ನಾವು ಕಂಡಿದ್ದೇವೆ; ಅದು ನುಂಗುವುದಲ್ಲ. ಯಾವ ಸಾಧನವೇ ಆಗಲಿ, ಕೊನೆಗೆ ನೀರಿನಿಂದ ಬಾಯಿ ಮುಕ್ಕಳಿಸಿ, ಗಂಟಲು ತೊಳೆದು, ಆ ನೀರನ್ನು ಉಗುಳಲೇಬೇಕು.

ಪೂಜಾನೇಮದ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಬೆಳಿಗ್ಗೆ ಎದ್ದೊಡನೆ ಔಷಧವನ್ನು ಎಳೆದುಕೊಳ್ಳಿರಿ. ಆಮೇಲೆ ಹಲ್ಲುಜ್ಜಿ, ಬಾಯಿ ಮುಕ್ಕಳಿಸಿ, ಸ್ನಾನ ಮಾಡಿ ಲಿಂಗಪೂಜೆಗೆ ಕುಳಿತುಕೊಳ್ಳಿರಿ. ವೈದ್ಯರ ನಿಯಮವೂ ನಡೆಯಿತು, ನಿಮ್ಮ ಮಡಿಯೂ ಉಳಿಯಿತು. ರಾತ್ರಿ ಮಲಗುವ ಮುನ್ನವೂ ಹಾಗೆಯೇ. ಅದು ಆಹಾರವಲ್ಲ, ನಾಲಗೆಯ ಸುಖಕ್ಕೂ ಅಲ್ಲ. ಇಷ್ಟಲಿಂಗವನ್ನು ಧರಿಸಿದ ದೇಹವನ್ನು ಕಾಯ್ದುಕೊಳ್ಳುವುದು ಧರ್ಮಕ್ಕೆ ವಿರೋಧವೆಂದು ನಾವು ಮಠದಲ್ಲಿ ಕಲಿತ ಯಾವ ಗ್ರಂಥದಲ್ಲಿಯೂ ಓದಿಲ್ಲ. ಲಿಂಗಪೂಜೆಯನ್ನು ನಾವು ಕಷ್ಟ ಬಂದ ದಿನ ಮಾತ್ರ ಮಾಡುವುದಿಲ್ಲ. ಸುಖದ ದಿನವೂ ತಪ್ಪಿಸುವುದಿಲ್ಲ. ಈ ಔಷಧದ ನೇಮವೂ ಅಂಥದೇ. ಪೂಜಾಗೃಹದಲ್ಲಿ ಧೂಪ, ಊದುಬತ್ತಿಗಳ ಹೊಗೆಯನ್ನು ಮಾತ್ರ ಉಬ್ಬಸದವರ ಮನೆಗಳಲ್ಲಿ ಕಡಿಮೆ ಮಾಡಿದರೆ ಲೇಸು.

ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿನಲ್ಲಿ ಮೀನಿನೊಡನೆ ಕೊಡುವ ಔಷಧವನ್ನು ಸಸ್ಯಾಹಾರಿಗಳಿಗೆ ಬೆಲ್ಲದಲ್ಲಿ ಕೊಡುತ್ತಾರೆಂದು ನಮ್ಮವರೂ ಹೋಗುವುದುಂಟು. ಅದರಿಂದ ಆಸ್ತಮಾ ಗುಣವಾಗುವುದಕ್ಕೆ ಶಾಸ್ತ್ರೀಯ ಪುರಾವೆ ದೊರೆತಿಲ್ಲ. ಹೋಗುವವರನ್ನು ನಾವು ಹಳಿಯುವುದಿಲ್ಲ. ಹೋಗಿ ಬಂದು ಪಂಪನ್ನು ಬಿಡಬೇಡಿರೆಂದು ಮಾತ್ರ ಕೈಮುಗಿದು ಕೇಳುತ್ತೇವೆ.

ಕೊನೆಯದಾಗಿ ಮನೆಯ ಹಿರಿಯರಿಗೊಂದು ಮಾತು. ಸೊಸೆಯು ಪಂಪನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಚ್ಚಲುಮನೆಗೆ ಹೋಗಬೇಕಾದ ಮನೆಯಲ್ಲಿ ಒಂದು ದಿನ ಔಷಧ ತಪ್ಪಿಯೇ ತಪ್ಪುತ್ತದೆ. ಗರ್ಭಿಣಿಯಾದಾಗ ಕೂಸಿಗೆ ಕೇಡೆಂದು ಬಿಡಿಸುವವರೂ ಇದ್ದಾರೆ. ತಾಯಿಗೆ ಉಸಿರು ಸಾಲದಿದ್ದರೆ ಹೊಟ್ಟೆಯಲ್ಲಿರುವ ಕೂಸಿಗೂ ಸಾಲದು. ವೈದ್ಯರನ್ನು ಕೇಳದೆ ಬಿಡಿಸಬಾರದು. ಕನ್ನಡಕ ಹಾಕುವವರನ್ನು ನಾವು ಹೀಗಳೆಯುತ್ತೇವೆಯೇ? ಇದನ್ನೂ ಹಾಗೆಯೇ ಕಾಣಿರಿ.

ಉಬ್ಬಸ ಏರಿದಾಗ ಬಳಸುವ ಪಂಪು ಯಾವುದು, ನಿತ್ಯದ್ದು ಯಾವುದು, ಅಥವಾ ಎರಡಕ್ಕೂ ಒಂದನ್ನೇ ಕೊಟ್ಟಿದ್ದಾರೆಯೇ ಎಂಬುದನ್ನು ವೈದ್ಯರಿಂದ ತಿಳಿದು ಚೀಟಿ ಬರೆದು ಅಂಟಿಸಿರಿ, ಬಣ್ಣವನ್ನೇ ನಂಬಬೇಡಿರಿ. ಮಾತು ಪೂರ್ತಿಯಾಗದಷ್ಟು ಏದುಸಿರು, ತುಟಿ ನೀಲಿಯಾಗುವುದು, ಪಂಪಿಗೂ ಬಗ್ಗದ ಉಬ್ಬಸ ಕಂಡರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಧಾವಿಸಿರಿ.

ಆ ತಾಯಿ ಮರುವರ್ಷವೂ ಬಂದರು. ಹರಪನಹಳ್ಳಿಯವರೆಗೆ ಬಸ್ಸಿನಲ್ಲಿ, ಅಲ್ಲಿಂದ ನಡೆದು. ಮಗಳ ಸಂಬಂಧ ಕುದುರಿತ್ತು; ಬೀಗರಿಗೆ ಎಲ್ಲವನ್ನೂ ಮೊದಲೇ ಹೇಳಿದ್ದರಂತೆ. ಚೀಲದಲ್ಲಿ ಪಂಪುಗಳೆರಡೂ ಇದ್ದವು. ತೇರು ಸಾಗಿದಾಗ ಬಾಳೆಹಣ್ಣನ್ನು ತಮ್ಮ ಕೈಯಿಂದಲೇ ಎಸೆದರು.