ಕೈ ನಡುಗಿದರೆ ಕಾಯಿ ಸುಲಿಯೋದು ಹೇಗೆ?

ಸ್ಕಿಜೋಫ್ರೇನಿಯಾಕ್ಕೆ ಕೊಡುವ ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ತೀರ್ಮಾನಿಸುವವರು ಯಾರು? ಸಂಶೋಧಕರ ಹತ್ತಿರ ಅದಕ್ಕೊಂದು ಅಳತೆಗೋಲಿದೆ, ‘ಪ್ಯಾನ್ಸ್’ ಅಂತ. ಒಟ್ಟು 30 ಅಂಶ, ಒಂದೊಂದಕ್ಕೂ 1ರಿಂದ 7 ಅಂಕ. ಇಲ್ಲದ ದನಿ ಕೇಳುವುದು, ಎಲ್ಲರ ಮೇಲೂ ಅನುಮಾನ, ಯಾರೊಂದಿಗೂ ಸೇರದೆ ಮೂಲೆ ಹಿಡಿಯುವುದು, ಎಲ್ಲಕ್ಕೂ ಅಂಕ ಬೀಳುತ್ತದೆ. ಆರೋ ಎಂಟೋ ವಾರ ಔಷಧ ಕೊಟ್ಟು ನೋಡುತ್ತಾರೆ. ಅಂಕ ಇಳಿದರೆ ಔಷಧ ಗೆದ್ದಂತೆ. ನಮ್ಮ ಕಡೆ ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗುವುದಕ್ಕೇ ಹತ್ತು–ಹನ್ನೊಂದು ತಿಂಗಳು ಹಿಡಿಯುತ್ತದೆ. ವರ್ಷಗಟ್ಟಲೆ ನುಂಗಬೇಕಾದ ಮಾತ್ರೆಯ ಗುಣ ಆರು ವಾರದಲ್ಲಿ ಪೂರ್ತಿ ತಿಳಿಯುವುದಿಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮನೆಗಳಲ್ಲಿ ಕೇಳುವ ಪ್ರಶ್ನೆಗಳೇ ಬೇರೆ. ರಾತ್ರಿ ನಿದ್ದೆ ಮಾಡ್ತಾನಾ? ತೋಟಕ್ಕೆ ನೀರು ಬಿಟ್ಟು ಬರ್ತಾನಾ? ನೆಂಟರು ಬಂದರೆ ಎದುರಿಗೆ ಕೂತು ಮಾತಾಡ್ತಾನಾ? ಕಾಯಿ ಸುಲೀತಾನಾ? ಈ ಕೊನೆಯದನ್ನು ಹಗುರವಾಗಿ ನೋಡಬಾರದು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಎರಡೂ ಕೈಯಲ್ಲಿ ಕಾಯಿ ಹಿಡಿದು ಕುಕ್ಕಬೇಕು, ಪಕ್ಕಕ್ಕೆ ತಿರುಚಬೇಕು, ಮಟ್ಟೆ ಬಿಡಿಸಬೇಕು. ಕೈ ಒಂದಿಷ್ಟು ತಪ್ಪಿದರೂ ಮೊನೆ ಅಂಗೈಗೇ. ಹ್ಯಾಲೊಪೆರಿಡಾಲ್‌ನಂಥ ಹಳೆಯ ಔಷಧಗಳು ಕೆಲವರಲ್ಲಿ ಕೈ ನಡುಕ, ಮೈ ಬಿಗಿತ ತರುತ್ತವೆ. ಓಲಂಜಪಿನ್‌ನಲ್ಲಿ ಆ ಕಾಟ ಕಡಿಮೆ. ಆದರೆ ತೂಕ ಏರುತ್ತದೆ, ಸಕ್ಕರೆ ಕಾಯಿಲೆ ಹತ್ತಿರ ಬರುತ್ತದೆ, ಬೆಳಗ್ಗೆ ಮಂಪರು ಬಿಡುವುದಿಲ್ಲ. ದನಿಗಳು ನಿಂತವು, ಅಂಕ ಇಳಿಯಿತು. ಮಗ ಮಾತ್ರ ಸುಲಿಯುವ ಜಾಗಕ್ಕೆ ಹೋಗಲಾರ. ಆ ಮನೆಯ ಮಟ್ಟಿಗೆ ಇದು ಅರ್ಧ ಗೆಲುವು.

ಅಮೆರಿಕದಲ್ಲಿ ಸರ್ಕಾರದ ದುಡ್ಡಿನಲ್ಲೇ ನಡೆದ ‘ಕೇಟಿ’ ಎಂಬ ದೊಡ್ಡ ಪರೀಕ್ಷೆಯ ಫಲಿತಾಂಶ 2005ರಲ್ಲಿ ಬಂತು. ಅದು ಕೇಳಿದ್ದು ನೇರ ಪ್ರಶ್ನೆ: ಕೊಟ್ಟ ಔಷಧವನ್ನು ರೋಗಿ ಎಷ್ಟು ಕಾಲ ಮುಂದುವರಿಸಿದ? ಸೇರಿದ್ದ 1,493 ಜನರಲ್ಲಿ ಔಷಧ ತೆಗೆದುಕೊಂಡವರ ಪೈಕಿ ಶೇ 74ರಷ್ಟು ಮಂದಿ 18 ತಿಂಗಳು ತುಂಬುವ ಮೊದಲೇ ತಮಗೆ ಸಿಕ್ಕಿದ್ದ ಔಷಧ ಬಿಟ್ಟಿದ್ದರು. ದುಬಾರಿ ಹೊಸ ಔಷಧಗಳಲ್ಲಿ ಹೆಚ್ಚಿನವು ಪರ್ಫೆನಜಿನ್ ಎಂಬ ಹಳೆಯ, ಅಗ್ಗದ ಔಷಧಕ್ಕಿಂತ ಮೇಲೆನಿಸಲಿಲ್ಲ. ಓಲಂಜಪಿನ್ ಹೆಚ್ಚು ಕಾಲ ನಿಂತಿತು, ಮೈ ತೂಕವನ್ನೂ ಹೆಚ್ಚು ಏರಿಸಿತು.

ಹಾಗಂತ ಮಾತ್ರೆಯೇ ಬೇಡ ಎನ್ನುವವರ ಜೊತೆ ನಾನಿಲ್ಲ. ಗಾಳಿ ಸೋಕಿದೆ, ಯಾರೋ ಮಾಟ ಮಾಡಿಸಿದ್ದಾರೆ ಎಂದು ದೇವಸ್ಥಾನಗಳನ್ನು ಸುತ್ತುತ್ತಾ ವರ್ಷ ಕಳೆಯುವ ಮನೆಗಳು ಈಗಲೂ ಇವೆ. ಅಂಥವರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನ ಡಾ. ಜಗದೀಶ ತೀರ್ಥಹಳ್ಳಿ ಮತ್ತು ಸಂಗಡಿಗರು ಮಾಡಿದ ಅಧ್ಯಯನವನ್ನು ಗಮನಿಸಬೇಕು. 2010ರಲ್ಲಿ ಪ್ರಕಟವಾದ ಆ ಅಧ್ಯಯನ ಅಳೆದದ್ದು ‘ಐಡಿಯಾಸ್’ ಎಂಬ ನಮ್ಮ ದೇಶದ್ದೇ ಮಾಪನದಿಂದ: ಮೈ-ಮುಖದ ಆರೈಕೆ, ಜನರೊಂದಿಗಿನ ಒಡನಾಟ, ಮಾತು ಮತ್ತು ತಿಳಿವಳಿಕೆ, ದುಡಿಮೆ. ಮನೆಯವರು ಕೇಳುವುದೂ ಇವನ್ನೇ. ಒಂದು ವರ್ಷದ ಮೇಲೆ ನೋಡಿದಾಗ ಚಿಕಿತ್ಸೆ ಇಲ್ಲದೆ ಉಳಿದವರು ಇದ್ದಲ್ಲೇ ಇದ್ದರು. ಚಿಕಿತ್ಸೆ ಶುರುವಾದವರ, ಮುಂದುವರಿಸಿದವರ ಅಸಾಮರ್ಥ್ಯ ತಗ್ಗಿತ್ತು. ಚೀಟಿ ಎತ್ತಿ ಗುಂಪು ಮಾಡಿದ ಪರೀಕ್ಷೆ ಅದಲ್ಲ; ಕಾಯಿಲೆಯವರಿಗೆ ಬೇಕೆಂದೇ ಔಷಧ ತಪ್ಪಿಸುವಂತಿಲ್ಲವಲ್ಲ. ಹಾಗಾಗಿ ಬೆಂಬಲಕ್ಕೆ ನಿಂತ ಕುಟುಂಬದ ಪಾಲೂ ಆ ಫಲದಲ್ಲಿ ಇದ್ದೀತು. ಆದರೂ ನಮ್ಮ ಹಳ್ಳಿಗಳ ಬದುಕಿಗೆ ಇಷ್ಟು ಹತ್ತಿರದ ಪುರಾವೆ ಸುಲಭಕ್ಕೆ ಸಿಗದು. ನಮ್ಮ ತುರುವೇಕೆರೆಯಲ್ಲೂ ನಿಮ್ಹಾನ್ಸ್ ಇಂಥದೇ ಸಮುದಾಯ ಚಿಕಿತ್ಸೆಯ ಕೆಲಸ ಮಾಡಿದೆ.

ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡಿದೆ. ಮೌಲ್ಯಮಾಪನ ಅಲ್ಲೇ ಆಗಬೇಕು. ಎರಡೂ ಕೈ ಮುಂದಕ್ಕೆ ಚಾಚಿಸಿ ನಡುಕ ನೋಡುವುದು, ತೂಕ ಬರೆಯುವುದು, ಸಕ್ಕರೆ ಪರೀಕ್ಷೆ, ಈ ತಿಂಗಳು ಎಷ್ಟು ದಿನ ಕೆಲಸಕ್ಕೆ ಹೋದ ಎಂದು ಜೊತೆಗೆ ಬಂದ ತಾಯಿಯನ್ನೋ ಅಣ್ಣನನ್ನೋ ಕೇಳುವುದು. ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಈ ತಿಂಗಳು ಕೊಟ್ಟ ಮಾತ್ರೆ ಮುಂದಿನ ತಿಂಗಳೂ ಸಿಗಬೇಕು. ದಾಸ್ತಾನು ಇಲ್ಲವೆಂದು ಬೇರೆ ಚೀಟಿ ಬರೆದರೆ ಯಾವ ಔಷಧದ ಗುಣ ಯಾವುದೆಂದು ಯಾರಿಗೂ ತಿಳಿಯದು. ಬರುತ್ತಿದ್ದವರು ಬರುವುದು ನಿಲ್ಲಿಸಿದರೆ ಆಶಾ ಕಾರ್ಯಕರ್ತೆ ಅವರ ಮನೆಗೇ ಹೋಗಿ, ಮಾತ್ರೆ ಯಾಕೆ ಬಿಟ್ಟಿರಿ ಎಂದು ಕೇಳಿ ಬರೆದುಕೊಳ್ಳಲಿ. ಆ ಓಡಾಟಕ್ಕೆ ಪ್ರತ್ಯೇಕ ಪ್ರೋತ್ಸಾಹಧನವನ್ನು ಸರ್ಕಾರ ಕೊಡಲಿ.